ಕ್ವೆಂಕಾದಲ್ಲಿ ನಾಲ್ಕು ರಾತ್ರಿ: ಆಂಡೀಸ್ ಬೆಟ್ಟದ ಹಳೇ ಊರನ್ನು ನೋಡುವ ಬಗೆ

ದಕ್ಷಿಣ ಅಮೆರಿಕದ ಬೆಟ್ಟದೂರು ಎಂದರೆ ಹೆಚ್ಚಿನವರಿಗೆ ನೆನಪಾಗುವುದು ಪೆರು ದೇಶದ ಕುಸ್ಕೊ. ಇಂಕಾ ಅರಸರ ಕಾಲದ ಪಾಳು ನಗರ ಮಾಚು ಪಿಚುಗೆ ದಾರಿ ಅದೇ ಆದ್ದರಿಂದ ಅದು ಸಹಜ. ಆದರೆ ಸ್ಪೇನಿನವರು ಕಟ್ಟಿದ ಒಂದು ಹಳೇ ಊರನ್ನು ನಡೆದುಕೊಂಡೇ, ನೂಕುನುಗ್ಗಲಿಲ್ಲದೆ, ನಾಲ್ಕೈದು ದಿನಗಳಲ್ಲಿ ನೋಡಿ ಬರಬೇಕು ಎನ್ನುವವರಿಗೆ ನಾನು ಹೇಳುವ ಊರು ಈಕ್ವೆಡಾರ್ ದೇಶದ ಕ್ವೆಂಕಾ. ನಾಲ್ಕು ನದಿಗಳ ಊರು. ಕನ್ಯಾರಿ ಜನ ಮೊದಲು ನೆಲೆಸಿದ್ದರು, ಆಮೇಲೆ ಇಂಕಾಗಳು ಬಂದು ತೊಮೆಬಾಂಬಾ ಎಂಬ ನಗರ ಕಟ್ಟಿದರು, 1557ರಲ್ಲಿ ಸ್ಪೇನಿನವರು ಅದರ ಪಕ್ಕದಲ್ಲೇ ಚೌಕಳಿ ಬೀದಿಗಳನ್ನು ಎಳೆದರು. ಆ ಬೀದಿಗಳ ಲೆಕ್ಕ ಇವತ್ತಿಗೂ ಹಾಗೇ ಇದೆ. 1999ರಲ್ಲಿ ಯುನೆಸ್ಕೊ ಇದನ್ನು ವಿಶ್ವ ಪರಂಪರೆಯ ಪಟ್ಟಿಗೆ ಸೇರಿಸಿತು.

ಊರು ಸಮುದ್ರಮಟ್ಟದಿಂದ ಸುಮಾರು 2,560 ಮೀಟರ್ ಮೇಲಿದೆ. ಊಟಿಯ ದೊಡ್ಡಬೆಟ್ಟದ ತುದಿ 2,637 ಮೀಟರ್. ಅಂದರೆ ದೊಡ್ಡಬೆಟ್ಟದ ತುದಿಯಲ್ಲಿ ಒಂದು ಇಡೀ ನಗರ ಇದ್ದ ಹಾಗೆ. ಪಕ್ಕದ ಕಾಹಾಸ್ ರಾಷ್ಟ್ರೀಯ ಉದ್ಯಾನಕ್ಕೆ ಹೋದರೆ 4,000 ಮೀಟರ್ ಹತ್ತಿರವಾಗುತ್ತದೆ. ಹಾಗಾಗಿ ಇಲ್ಲಿ ಯಾವುದನ್ನು ಮೊದಲು ನೋಡಬೇಕು, ಯಾವುದನ್ನು ಆಮೇಲೆ ಎನ್ನುವುದು ಬಹಳ ಮುಖ್ಯ. ಮೈಗೆ ಎತ್ತರ ಒಗ್ಗುವ ಕ್ರಮದಲ್ಲೇ ಪ್ರವಾಸ ಜೋಡಿಸಿಕೊಂಡರೆ ಎಲ್ಲವೂ ಸಲೀಸು. ಕೆಳಗಿನ ಹಂತಗಳೆಲ್ಲ ಆ ಲೆಕ್ಕದಲ್ಲೇ ಇವೆ.

1. ಮೊದಲು ಕಾಗದಪತ್ರ, ಲಸಿಕೆ

ಭಾರತದ ಪಾಸ್‌ಪೋರ್ಟ್ ಇರುವವರು ಮೊದಲೇ ವೀಸಾ ಮಾಡಿಸಿಕೊಳ್ಳಬೇಕು. 2019ಕ್ಕೆ ಮುಂಚೆ ವೀಸಾ ಇಲ್ಲದೆ ಹೋಗಬಹುದಿತ್ತು. ಹಳೆಯ ಪ್ರವಾಸ ಬರಹಗಳಲ್ಲಿ ಇನ್ನೂ ಹಾಗೇ ಬರೆದಿರುತ್ತದೆ, ಅದನ್ನು ನಂಬಬೇಡಿ. ಈಕ್ವೆಡಾರ್ ರಾಯಭಾರ ಕಚೇರಿಯಲ್ಲಿ ವಿಚಾರಿಸಿ. ಬೆಂಗಳೂರಿನಿಂದ ನೇರ ವಿಮಾನ ಇಲ್ಲ. ಯುರೋಪ್ ಮೂಲಕವೋ ಅಮೆರಿಕದ ಮೂಲಕವೋ ಹೋಗಬೇಕು. ಅಮೆರಿಕದಲ್ಲಿ ವಿಮಾನ ಬದಲಿಸುವುದಕ್ಕೂ ಅಲ್ಲಿಯ ವೀಸಾ ಬೇಕು. ಯುರೋಪಿನ ಕೆಲವು ದೇಶಗಳೂ ಭಾರತೀಯರಿಂದ ಟ್ರಾನ್ಸಿಟ್ ವೀಸಾ ಕೇಳುತ್ತವೆ. ಟಿಕೆಟ್ ಕೊಳ್ಳುವ ಮುಂಚೆಯೇ ಇದನ್ನು ನೋಡಿಕೊಳ್ಳಿ. ಅಮೆರಿಕದಲ್ಲೇ ನೆಲೆಸಿರುವ ಕನ್ನಡಿಗರಿಗೆ ಈ ಪ್ರವಾಸ ಇನ್ನೂ ಸುಲಭ. ಮಯಾಮಿಯಿಂದ ಕೀಟೊ ಅಥವಾ ಗ್ವಯಾಕಿಲ್‌ಗೆ ನೇರ ವಿಮಾನಗಳಿವೆ, ಒಂದು ವಾರದ ರಜೆ ಸಾಕು.

ಇನ್ನೊಂದು, ಹಳದಿ ಜ್ವರದ ಲಸಿಕೆ. ಕ್ವೆಂಕಾದಷ್ಟು ಎತ್ತರದಲ್ಲಿ ಆ ಜ್ವರದ ಭಯವಿಲ್ಲ. ಆದರೆ ಭಾರತ ಸರ್ಕಾರದ ಪಟ್ಟಿಯಲ್ಲಿ ಈಕ್ವೆಡಾರ್ ಇದೆ. ಅಲ್ಲಿಂದ ವಾಪಸ್ ಬಂದಿಳಿದಾಗ ಲಸಿಕೆಯ ಪ್ರಮಾಣಪತ್ರ ಕೇಳುತ್ತಾರೆ, ಇಲ್ಲದವರನ್ನು 6 ದಿನದವರೆಗೆ ಪ್ರತ್ಯೇಕವಾಗಿ ಇರಿಸಬಹುದು. ಲಸಿಕೆ ಹಾಕಿಸಿಕೊಂಡು 10 ದಿನ ಕಳೆದ ಮೇಲಷ್ಟೇ ಪತ್ರ ಲೆಕ್ಕಕ್ಕೆ ಬರುತ್ತದೆ. ಸರ್ಕಾರ ಗೊತ್ತುಮಾಡಿದ ಕೇಂದ್ರಗಳಲ್ಲಿ ಮಾತ್ರ ಹಾಕುತ್ತಾರೆ, ದಿನವೂ ಗೊತ್ತಾಗಿರುತ್ತದೆ. ಆದ್ದರಿಂದ ಹೊರಡುವುದಕ್ಕೆ ಒಂದೂವರೆ ತಿಂಗಳು ಇರುವಾಗಲೇ ಈ ಕೆಲಸ ಮುಗಿಸಿ. ಒಮ್ಮೆ ಹಾಕಿಸಿದರೆ ಜೀವನಪೂರ್ತಿ ಸಾಕು. ಅರವತ್ತು ದಾಟಿದವರು ತಮ್ಮ ವೈದ್ಯರನ್ನು ಕೇಳಿಯೇ ಹಾಕಿಸಿಕೊಳ್ಳಬೇಕು. ಅದೇ ಭೇಟಿಯಲ್ಲಿ ಎತ್ತರದ ತೊಂದರೆಗೆ ಮಾತ್ರೆ ಬೇಕಾ ಅಂತಲೂ ಕೇಳಿಬಿಡಿ. ಬಿಪಿ, ಹೃದಯದ ತೊಂದರೆ ಇರುವವರು ಇದನ್ನು ಕೇಳದೆ ಹೊರಡಬೇಡಿ.

2. ಯಾವಾಗ ಹೋಗಬೇಕು

ಭೂಮಧ್ಯರೇಖೆ ತೀರಾ ಹತ್ತಿರ. ಹಾಗಾಗಿ ವರ್ಷವಿಡೀ ಹೆಚ್ಚುಕಡಿಮೆ ಒಂದೇ ಹವೆ. ಹಗಲು ಹಿತವಾದ ಬಿಸಿಲು, ಸಂಜೆಯಾದರೆ ಸ್ವೆಟರ್ ಬೇಕು. ಫೆಬ್ರವರಿಯಿಂದ ಮೇ ತನಕ ಮಳೆ ಜಾಸ್ತಿ. ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ಮಳೆ ಕಡಿಮೆ, ಆದರೆ ಗಾಳಿ, ಚಳಿ ಇರುತ್ತದೆ. ನನ್ನ ಆಯ್ಕೆ ಕ್ಯಾಥೊಲಿಕ್ ಕ್ರೈಸ್ತರ ಕಾರ್ಪಸ್ ಕ್ರಿಸ್ಟಿ ಹಬ್ಬದ ವಾರ. ಅದು ಸಾಮಾನ್ಯವಾಗಿ ಜೂನ್‌ನಲ್ಲಿ ಬರುತ್ತದೆ, ಕೆಲವು ವರ್ಷ ಮೇ ಕೊನೆಗೆ. ಆ ವಾರವೆಲ್ಲ ದೊಡ್ಡ ಚರ್ಚಿನ ಸುತ್ತ ಸಿಹಿತಿಂಡಿ ಅಂಗಡಿಗಳು. ರಾತ್ರಿ ಬಿದಿರಿನ ಗೋಪುರಗಳಿಗೆ ಪಟಾಕಿ ಕಟ್ಟಿ ಸುಡುತ್ತಾರೆ, ಕಾಗದದ ಬಲೂನುಗಳನ್ನು ಬೆಂಕಿಯ ಬಿಸಿಗೆ ಹಾರಿಬಿಡುತ್ತಾರೆ. ಡಿಸೆಂಬರ್ 24ರಂದು ಬಾಲ ಯೇಸುವಿನ ದೊಡ್ಡ ಮೆರವಣಿಗೆ ಇರುತ್ತದೆ. ಸುತ್ತಲ ಹಳ್ಳಿಗಳ ಮಕ್ಕಳು ಅಲಂಕಾರ ಮಾಡಿದ ಕುದುರೆ ಏರಿ ಬರುತ್ತಾರೆ. ನವೆಂಬರ್ 3, ಏಪ್ರಿಲ್ 12 ಊರಿನ ಹಬ್ಬದ ದಿನಗಳು. ಈ ದಿನಗಳಲ್ಲಿ ಹೋಗುವುದಾದರೆ ಕೋಣೆ ಮೊದಲೇ ಕಾದಿರಿಸಿ.

3. ತಲುಪುವ ದಾರಿ

ಇಲ್ಲಿ ಸ್ವಲ್ಪ ನಿಂತು ಯೋಚಿಸಿ. ಕ್ವೆಂಕಾಗೆ ಎರಡು ಬಾಗಿಲು. ಒಂದು ರಾಜಧಾನಿ ಕೀಟೊ, ಇನ್ನೊಂದು ಕಡಲ ತೀರದ ಕಡೆಯ ಗ್ವಯಾಕಿಲ್.

ಕೀಟೊ ಕ್ವೆಂಕಾಗಿಂತಲೂ ಎತ್ತರ, ಸುಮಾರು 2,850 ಮೀಟರ್. ಅಲ್ಲಿ ಒಂದೆರಡು ದಿನ ಇದ್ದು ಬಂದರೆ ಕ್ವೆಂಕಾದಲ್ಲಿ ಉಸಿರಾಟ ಆರಾಮ. ವಿಮಾನದಲ್ಲಿ ಒಂದು ಗಂಟೆಯೂ ಬೇಡ. ಬಸ್ಸಿನಲ್ಲಾದರೆ ಒಂದು ಹಗಲೇ ಹೋಗುತ್ತದೆ, ನಾಲ್ಕು ದಿನದ ಪ್ರವಾಸಕ್ಕೆ ಅದು ಬೇಡ.

ಗ್ವಯಾಕಿಲ್‌ನಿಂದ ಬಸ್ಸು ಅಥವಾ ವ್ಯಾನಿನಲ್ಲಿ ನಾಲ್ಕು ಗಂಟೆಯ ಆಸುಪಾಸು. ದಾರಿ ಬಹಳ ಚೆಂದ. ಬಾಳೆ, ಕೋಕೊ ತೋಟಗಳಿಂದ ಶುರುವಾಗಿ ಮೋಡದ ಕಾಡು ಹತ್ತಿ ಕಾಹಾಸ್‌ನ ಹುಲ್ಲುಗಾವಲಿಗೆ ಬರುತ್ತದೆ. ಆದರೆ ಸಮುದ್ರಮಟ್ಟದಿಂದ ಹೊರಟವರು ಕೆಲವೇ ಗಂಟೆಯಲ್ಲಿ 4,000 ಮೀಟರ್ ದಾಟಿ ಮತ್ತೆ ಕೆಳಗಿಳಿಯಬೇಕು. ತಲೆನೋವು, ವಾಕರಿಕೆ ಬರುವುದು ಸಾಮಾನ್ಯ. ಇದಕ್ಕೆ ಅಲ್ಲಿಯವರು ಸೊರೊಚೆ ಅನ್ನುತ್ತಾರೆ. ಹೊಟ್ಟೆ ತುಂಬ ತಿಂದು ಬಸ್ ಹತ್ತಬೇಡಿ, ನೀರು ಕುಡಿಯುತ್ತಿರಿ. ಮಳೆಗಾಲದಲ್ಲಿ ಈ ರಸ್ತೆಯಲ್ಲಿ ಗುಡ್ಡ ಕುಸಿದು ಸಂಚಾರ ನಿಲ್ಲುವುದುಂಟು, ಹಾಗಾಗಿ ಹೊರಡುವ ಬೆಳಿಗ್ಗೆ ವಿಚಾರಿಸಿಕೊಳ್ಳಿ. ಗ್ವಯಾಕಿಲ್‌ನಲ್ಲಿ ಈಚಿನ ವರ್ಷಗಳಲ್ಲಿ ಅಪರಾಧ ಬಹಳ ಹೆಚ್ಚಾಗಿದೆ. ಆ ಊರಿನಲ್ಲಿ ತಿರುಗಾಡುವ ಯೋಜನೆ ಹಾಕದೆ ನೇರ ಮುಂದಕ್ಕೆ ಹೊರಡಿ.

ನನ್ನನ್ನು ಕೇಳಿದರೆ, ಹೋಗುವಾಗ ಕೀಟೊ ದಾರಿ, ಬರುವಾಗ ಗ್ವಯಾಕಿಲ್ ದಾರಿ. ಇಳಿಜಾರಿನಲ್ಲಿ ಆ ರಸ್ತೆಯ ಸೊಗಸೆಲ್ಲ ಸಿಗುತ್ತದೆ, ಅಷ್ಟರಲ್ಲಿ ಮೈಗೂ ಎತ್ತರ ಒಗ್ಗಿರುತ್ತದೆ.

4. ಉಳಿಯುವ ಜಾಗ

ಹಳೇ ಊರಿನ ನಡುವಿನ ಕಾಲ್ದೆರೊನ್ ಪಾರ್ಕ್ ಮತ್ತು ನದಿ ಕಡೆಯ ಕಾಯೆ ಲಾರ್ಗಾ ಬೀದಿ, ಇವೆರಡರ ನಡುವೆ ಎಲ್ಲಾದರೂ ಕೋಣೆ ಹಿಡಿಯಿರಿ. ಒಳಾಂಗಳ ಇರುವ ಹಳೇ ಮನೆಗಳನ್ನು ಚಿಕ್ಕ ಹೋಟೆಲುಗಳಾಗಿ ಮಾಡಿದ್ದಾರೆ. ರಸ್ತೆ ಕಡೆಯ ಕೋಣೆಗೆ ಮರದ ಬಾಲ್ಕನಿ ಸಿಗುತ್ತದೆ, ಬಸ್ಸಿನ ಸದ್ದೂ ಸಿಗುತ್ತದೆ. ನಿದ್ದೆ ಬೇಕು ಎನ್ನುವವರು ಅಂಗಳದ ಕಡೆಯ ಕೋಣೆ ಕೇಳಿ. ಹೀಟರ್ ಇರುವುದು ಅಪರೂಪ. ಬಂದ ಕೂಡಲೇ ಇನ್ನೊಂದು ಕಂಬಳಿ ಕೇಳಿಟ್ಟುಕೊಳ್ಳಿ, "ಕೊಬಿಹಾ" ಅಂದರೆ ತಂದುಕೊಡುತ್ತಾರೆ. ವಿದ್ಯುತ್ 120 ವೋಲ್ಟ್, ಚಪ್ಪಟೆ ಕಡ್ಡಿಯ ಅಮೆರಿಕನ್ ಪ್ಲಗ್. ನಮ್ಮ ಫೋನ್ ಚಾರ್ಜರಿಗೆ ಒಂದು ಅಡಾಪ್ಟರ್ ಸಾಕು.

5. ಮೊದಲ ದಿನ: ನದಿ ದಂಡೆ, ಅಷ್ಟೇ

ಬಂದ ದಿನ ಮೆಟ್ಟಿಲು ಹತ್ತುವ ಯಾವ ಕೆಲಸವೂ ಬೇಡ. ಭಾರತದಿಂದ ಬಂದವರಿಗೆ ಹತ್ತೂವರೆ ಗಂಟೆಯ ಹಗಲು-ರಾತ್ರಿ ವ್ಯತ್ಯಾಸವೂ ಸೇರಿರುತ್ತದೆ. ಮಧ್ಯಾಹ್ನ ಒಂದಿಷ್ಟು ಮಲಗಿ, ಎದ್ದು ತೊಮೆಬಾಂಬಾ ನದಿಯ ದಂಡೆಗೆ ಬನ್ನಿ. ಹಳೇ ಊರು ಒಂದು ದಿಣ್ಣೆಯ ಮೇಲಿದೆ. ನದಿ ಕಡೆಗೆ ಅದು ಕಡಿದಾಗಿ ಇಳಿಯುತ್ತದೆ. ಆ ಅಂಚಿಗೆ ಅಂಟಿಕೊಂಡು ನಿಂತ ಮನೆಗಳ ಸಾಲಿಗೆ ಎಲ್ ಬರಾಂಕೊ ಎಂದು ಹೆಸರು. ಬೀದಿ ಕಡೆಯಿಂದ ನೋಡಿದರೆ ಒಂದೋ ಎರಡೋ ಅಂತಸ್ತು. ನದಿ ಕಡೆಯಿಂದ ನೋಡಿದರೆ ಅದೇ ಮನೆ ನಾಲ್ಕಂತಸ್ತು ಕೆಳಗಿಳಿದಿರುತ್ತದೆ. ಈ ನೋಟಕ್ಕಾಗಿ ಆಚೆ ದಡದಲ್ಲಿ ನಡೆಯಬೇಕು.

ಅಲ್ಲೇ ಪ್ವೆಂತೆ ರೊತೊ ಎಂಬ ಮುರಿದ ಸೇತುವೆ ಇದೆ. 1950ರ ಪ್ರವಾಹದಲ್ಲಿ ಕೊಚ್ಚಿಹೋಗಿ ಉಳಿದ ಅರ್ಧ. ಅದನ್ನು ಕೆಡವದೆ ಹಾಗೇ ಉಳಿಸಿಕೊಂಡಿದ್ದಾರೆ, ಅದರ ಮೇಲೆ ಓಡಾಡಬಹುದು. ನದಿ ಶಾಂತವಾಗಿ ಹರಿಯುತ್ತಿದ್ದರೆ ಒಂದು ಗಂಟೆ ಸುಮ್ನೆ ಕೂರಬಹುದಾದ ಜಾಗ.

ರಾತ್ರಿ ಊಟ ಹಗುರವಾಗಿರಲಿ, ಮದ್ಯ ಬೇಡ. ಕ್ವೆಂಕಾದ ನಲ್ಲಿ ನೀರು ಒಳ್ಳೆಯದೆಂದು ದೇಶದಲ್ಲೇ ಹೆಸರು, ಊರಿನವರು ನೇರ ಕುಡಿಯುತ್ತಾರೆ. ಮೊದಲ ದಿನ ಎಷ್ಟು ಸಾಧ್ಯವೋ ಅಷ್ಟು ಕುಡಿಯಿರಿ.

6. ಎರಡನೇ ದಿನ: ಊರಿನ ಒಳಗೆ

ಬೆಳಿಗ್ಗೆ ಕಾಲ್ದೆರೊನ್ ಪಾರ್ಕಿನಿಂದ ಶುರುಮಾಡಿ. ಎದುರು ಬದುರು ಎರಡು ಕೆಥೆಡ್ರಲ್, ಅಂದರೆ ಊರಿನ ಮುಖ್ಯ ಚರ್ಚುಗಳು. ಚಿಕ್ಕದು ಹಳೆಯದು. 16ನೇ ಶತಮಾನದ್ದು, ಈಗ ಮ್ಯೂಸಿಯಂ. ಭೂಮಿಯ ಆಕಾರ ಅಳೆಯಲು ಬಂದಿದ್ದ ಫ್ರೆಂಚ್ ವಿಜ್ಞಾನಿಗಳ ತಂಡ 1739ರಲ್ಲಿ ಇದರ ಗೋಪುರವನ್ನು ಅಳತೆಯ ಗುರುತಾಗಿ ಬಳಸಿತ್ತು. ಅದೇ ವರ್ಷ ಆ ತಂಡದ ವೈದ್ಯ ಸೆನಿಯೆರ್ಗ್ ಈ ಊರಿನ ಗೂಳಿಕಾಳಗದಲ್ಲಿ ಜನರ ಸಿಟ್ಟಿಗೆ ಸಿಕ್ಕಿ ಸತ್ತ. ಅದು ನಡೆದ ಸಾನ್ ಸೆಬಾಸ್ತಿಯಾನ್ ಚೌಕ ಇಲ್ಲಿಂದ ಪಶ್ಚಿಮಕ್ಕೆ, ನಡೆದೇ ಹೋಗಬಹುದು. ಈಗ ಅಲ್ಲಿ ಮರದ ನೆರಳು, ಬೆಂಚು, ಪಕ್ಕದಲ್ಲಿ ಆಧುನಿಕ ಕಲೆಯ ಮ್ಯೂಸಿಯಂ.

ಹೊಸ ಕೆಥೆಡ್ರಲ್ ಕೆಲಸ 1885ರಲ್ಲಿ ಶುರುವಾಗಿ ಹತ್ತಿರ ಹತ್ತಿರ ನೂರು ವರ್ಷ ನಡೆಯಿತು. ಹೊರಗೆ ಇಟ್ಟಿಗೆ, ಮೇಲೆ ನೀಲಿ ಹಂಚಿನ ಗುಮ್ಮಟಗಳು. ಮುಂದಿನ ಎರಡು ಗೋಪುರ ಗಿಡ್ಡವಾಗಿ ಕಾಣುತ್ತವೆ, ಅಲ್ವಾ? ಮೊದಲಿನ ನಕ್ಷೆಯಷ್ಟು ಎತ್ತರ ಕಟ್ಟಿದರೆ ತಳಪಾಯ ಭಾರ ತಾಳುವುದಿಲ್ಲವೆಂದು ಅಲ್ಲಿಗೇ ನಿಲ್ಲಿಸಿದರು ಎಂದು ಊರಿನವರು ಹೇಳುತ್ತಾರೆ. ಸಣ್ಣ ಟಿಕೆಟ್ ಕೊಂಡು ಮೇಲಿನ ತಾರಸಿಗೆ ಹತ್ತಬಹುದು. ಸುರುಳಿ ಮೆಟ್ಟಿಲು, ನಿಧಾನಕ್ಕೆ ಹತ್ತಿ. ಗುಮ್ಮಟಗಳು ಕೈಗೆಟುಕುವಷ್ಟು ಹತ್ತಿರ, ಕೆಳಗೆ ಕೆಂಪು ಹಂಚಿನ ಊರು, ಸುತ್ತಲೂ ಬೆಟ್ಟ.

ಕೆಳಗಿಳಿದು ಪಕ್ಕದ ಹೂವಿನ ಮಾರುಕಟ್ಟೆಗೆ ಬನ್ನಿ. ಗುಲಾಬಿ, ಲಿಲ್ಲಿ, ಕಾರ್ನೇಷನ್ ರಾಶಿ ರಾಶಿ. ಅದರ ಹಿಂದೆ ಕಾರ್ಮೆನ್ ಸನ್ಯಾಸಿನಿಯರ ಮಠ. ಅವರು ಹೊರಗೆ ಬರುವುದಿಲ್ಲ. ಗೋಡೆಯಲ್ಲಿ ತಿರುಗುವ ಮರದ ಗೂಡು ಇದೆ. ದುಡ್ಡು ಇಟ್ಟರೆ ಅದು ತಿರುಗಿ ಸಾಮಾನು ಬರುತ್ತದೆ. "ಅಗ್ವಾ ದೆ ಪಿತಿಮಾಸ್" ಎಂಬ ಗಿಡಮೂಲಿಕೆ ನೀರು ಕೇಳಿ. ಮನಸ್ಸು ಶಾಂತವಾಗಲು ಕುಡಿಯುತ್ತಾರೆ.

ಮಧ್ಯಾಹ್ನ 10 ದೆ ಅಗೊಸ್ತೊ ಮಾರುಕಟ್ಟೆ. ಮಂಗಳವಾರ, ಶುಕ್ರವಾರವಾದರೆ ಅಲ್ಲಿ ಹೆಂಗಸರು ಸೊಪ್ಪಿನ ಕಟ್ಟು ಮೈಮೇಲೆ ಬಡಿದು, ಕೋಳಿಮೊಟ್ಟೆ ನಿವಾಳಿಸಿ ದೃಷ್ಟಿ ತೆಗೆಯುತ್ತಾರೆ. ಮೊಟ್ಟೆ ಒಡೆದು ಲೋಟಕ್ಕೆ ಹಾಕಿ ಏನಾಗಿದೆ ಅಂತ ಹೇಳುತ್ತಾರೆ. ತಾಯಂದಿರು ಕೂಸುಗಳನ್ನು ಎತ್ತಿಕೊಂಡು ಸಾಲಿನಲ್ಲಿ ನಿಂತಿರುತ್ತಾರೆ. ಅವರಿಗೆ ಇದು ನಂಬಿಕೆಯ ವಿಷಯ, ಕೇಳದೆ ಫೋಟೊ ತೆಗೆಯಬೇಡಿ.

ಊಟ ಮುಗಿಸಿ ಪುಮಾಪುಂಗೊ ಮ್ಯೂಸಿಯಂಗೆ ಹೋಗಿ. ಸೋಮವಾರ ರಜೆ ಇರುತ್ತದೆ, ಅದಕ್ಕೆ ತಕ್ಕಂತೆ ದಿನ ಹೊಂದಿಸಿ. ಒಳಗೆ ಈಕ್ವೆಡಾರಿನ ನಾನಾ ಬುಡಕಟ್ಟುಗಳ ಬದುಕಿನ ಸಂಗ್ರಹ. ನನಗೆ ಅದಕ್ಕಿಂತ ಮುಖ್ಯ ಅನಿಸುವುದು ಹಿಂದಿನ ಬಯಲು. ಅದೇ ಇಂಕಾಗಳ ತೊಮೆಬಾಂಬಾ. ಅರಸ ವೈನಾ ಕಪಾಕ್ ಹುಟ್ಟಿದ್ದು ಈ ಊರಿನಲ್ಲೇ ಎನ್ನುತ್ತಾರೆ. ಅವನ ಮಕ್ಕಳಾದ ಅತವಾಲ್ಪ, ವಾಸ್ಕರ್ ನಡುವಿನ ಯುದ್ಧದಲ್ಲಿ ನಗರ ಹಾಳಾಯಿತು, ಸ್ಪೇನಿನವರು ಬರುವ ಹೊತ್ತಿಗೆ ಪಾಳು ಬಿದ್ದಿತ್ತು. ಉಳಿದದ್ದು ಹೆಚ್ಚಾಗಿ ಅಡಿಪಾಯ, ಮೆಟ್ಟಿಲು ಮೆಟ್ಟಿಲಾದ ಇಳಿಜಾರು. ಒಳ್ಳೊಳ್ಳೆಯ ಕಲ್ಲುಗಳನ್ನೆಲ್ಲ ಹೊಸ ಊರು ಕಟ್ಟಲು ಸಾಗಿಸಿದರು. ಬೆಳಿಗ್ಗೆ ನೋಡಿದ ಹಳೇ ಕೆಥೆಡ್ರಲ್‌ನ ತಳದಲ್ಲಿರುವುದೂ ಇಂಥ ಕಲ್ಲುಗಳೇ. ಅದಕ್ಕೇ ಈ ಎರಡನ್ನೂ ಒಂದೇ ದಿನ ನೋಡಬೇಕು ಎನ್ನುವುದು.

ಇನ್ನು ಬೀದಿಬದಿಯ ಮನೆಗಳು. ಕಬ್ಬಿಣದ ಬಾಲ್ಕನಿ, ಫ್ರೆಂಚ್ ರೀತಿಯ ಅಲಂಕಾರದ ಮುಂಭಾಗಗಳು ಸ್ಪೇನ್ ಆಳ್ವಿಕೆ ಮುಗಿದ ನಂತರದವು. ಪನಾಮಾ ಟೋಪಿಗಳ ಮತ್ತು ಸಿಂಕೋನಾ ಮರದ ತೊಗಟೆಯ ರಫ್ತಿನಿಂದ ಬಂದ ದುಡ್ಡು ಅಲ್ಲಿ ಕಾಣುತ್ತದೆ. ಮಲೇರಿಯಾಕ್ಕೆ ಕ್ವಿನೈನ್ ಸಿಗುತ್ತಿದ್ದದ್ದು ಈ ತೊಗಟೆಯಿಂದ. 1860ರ ದಶಕದ ಆರಂಭದಲ್ಲಿ ಈಕ್ವೆಡಾರಿನ ಬೆಟ್ಟಗಳಿಂದ ಬ್ರಿಟಿಷರು ಒಯ್ದ ಸಿಂಕೋನಾ ಬೀಜ, ಸಸಿಗಳೇ ನಮ್ಮ ನೀಲಗಿರಿಯ ತೋಟಗಳಿಗೆ ಬಂದವು.

ಸಂಜೆಗೆ ಟ್ಯಾಕ್ಸಿ ಹಿಡಿದು ತೂರಿ ಗುಡ್ಡಕ್ಕೆ ಹೋದರೆ ಇಡೀ ಕಣಿವೆಯ ದೀಪಗಳು ಕಾಣುತ್ತವೆ. ಕ್ವೆಂಕಾದ ಟ್ಯಾಕ್ಸಿಗಳಿಗೆ ಮೀಟರ್ ಇದೆ, ಹಾಕಲು ಹೇಳಿ. 2020ರಲ್ಲಿ ಶುರುವಾದ ಟ್ರಾಮ್ ಹಳೇ ಊರಿನ ನಡುವೆಯೇ ಹಾದುಹೋಗುತ್ತದೆ. ಬಸ್ ನಿಲ್ದಾಣ, ವಿಮಾನ ನಿಲ್ದಾಣದ ಕಡೆಗೆ ಅದು ಅನುಕೂಲ.

7. ಊಟ, ಅದರಲ್ಲೂ ಸಸ್ಯಾಹಾರಿಗಳಿಗೆ

ಇದು ಮುಸುಕಿನ ಜೋಳ, ಆಲೂಗಡ್ಡೆಯ ನಾಡು. ಸಸ್ಯಾಹಾರಿಗಳು ಉಪವಾಸ ಇರಬೇಕಿಲ್ಲ, ಆದರೆ ಕೇಳಿ ತಿನ್ನಬೇಕು. ಮೊತೆ ಎಂದರೆ ಸಿಪ್ಪೆ ತೆಗೆದು ಬೇಯಿಸಿದ ದಪ್ಪ ಬಿಳಿ ಮುಸುಕಿನ ಜೋಳ. ಎಲ್ಲ ಊಟದ ಜೊತೆಗೂ ಬರುತ್ತದೆ. ಅದನ್ನೇ ಮೊಟ್ಟೆ, ಈರುಳ್ಳಿ ಹಾಕಿ ಹುರಿದರೆ ಮೊತೆ ಪಿಯೊ, ಇದು ಕ್ವೆಂಕಾದ್ದೇ ತಿನಿಸು. ಯಾಪಿಂಗಾಚೊ ಅಂದರೆ ಒಳಗೆ ಚೀಸ್ ಇಟ್ಟು ಕಾವಲಿ ಮೇಲೆ ಬೇಯಿಸಿದ ಆಲೂ ಬಿಲ್ಲೆ. ಲೊಕ್ರೊ ದೆ ಪಾಪಾಸ್ ಆಲೂಗಡ್ಡೆಯ ಗಟ್ಟಿ ಸೂಪ್, ಮೇಲೆ ಚೀಸ್, ಬೆಣ್ಣೆಹಣ್ಣು. ಎಳೆ ಜೋಳ ರುಬ್ಬಿ ಅದರ ಸಿಪ್ಪೆಯಲ್ಲೇ ಕಟ್ಟಿ ಹಬೆಯಲ್ಲಿ ಬೇಯಿಸಿದ್ದು ಉಮಿತಾ. ಸಂಜೆ ಕಾಫಿ ಜೊತೆಗೆ ಅದೇ ಚೆನ್ನ. ಮೇಜಿನ ಮೇಲೆ ಆಹಿ ಎಂಬ ಖಾರದ ಚಟ್ನಿ ಇರುತ್ತದೆ. ಮರಟೊಮೆಟೊ ಹಾಕಿ ಮಾಡಿದ್ದು ಸಿಕ್ಕರೆ ಬಿಡಬೇಡಿ.

ಎಚ್ಚರ ಬೇಕಾದದ್ದು ಎರಡು ಕಡೆ. ಹುರಿಯಲು ಹಂದಿಕೊಬ್ಬು ಬಳಸುವುದುಂಟು. ಸೂಪ್‌ಗೆ ಮಾಂಸದ ಸಾರು ಹಾಕಿರಬಹುದು. "ಸಿನ್ ಕಾರ್ನೆ, ಸಿನ್ ಪೊಯೊ, ಸಿನ್ ಮಾಂತೆಕಾ, ಸಿನ್ ಕಾಲ್ದೊ ದೆ ಕಾರ್ನೆ" ಎಂದು ಒಂದು ಚೀಟಿಯಲ್ಲಿ ಸ್ಪ್ಯಾನಿಷ್‌ನಲ್ಲೇ ಬರೆಸಿಟ್ಟುಕೊಂಡು ತೋರಿಸಿ. ಮಾಂಸ, ಕೋಳಿ, ಕೊಬ್ಬು, ಮಾಂಸದ ಸಾರು ಯಾವುದೂ ಬೇಡ ಎಂದು ಅರ್ಥ. ಬರೀ ಸಸ್ಯಾಹಾರಿ ಅಂದರೆ ಕೋಳಿ ಬಡಿಸುವುದುಂಟು. ಮಧ್ಯಾಹ್ನದ "ಅಲ್ಮ್ವೆರ್ಸೊ" ಊಟದಲ್ಲಿ ಸೂಪ್, ಅನ್ನದ ತಟ್ಟೆ, ಹಣ್ಣಿನ ರಸ ಒಟ್ಟಿಗೇ ಬರುತ್ತವೆ, ಅಗ್ಗ. ಮಾಂಸ ತಿನ್ನುವವರು ಮಾರುಕಟ್ಟೆಯ ಮೇಲಂತಸ್ತಿನಲ್ಲಿ ಇಡಿಯಾಗಿ ಸುಟ್ಟ ಹಂದಿ, ಒರ್ನಾದೊ, ತಿನ್ನಬೇಕು.

8. ಮೂರನೇ ದಿನ: ಕಾಹಾಸ್

ಎರಡು ರಾತ್ರಿ ಕಳೆದಿರುವುದರಿಂದ ಈಗ ಮೇಲೆ ಹೋಗಬಹುದು. ಹಿಂದಿನ ರಾತ್ರಿ ತಲೆನೋವು ಬಂದಿದ್ದರೆ ಮಾತ್ರ ಒಂದು ದಿನ ಮುಂದೂಡಿ, ನಾಲ್ಕನೇ ದಿನದ ಕಾರ್ಯಕ್ರಮ ಮೊದಲು ಮುಗಿಸಿ.

ಊರಿನಿಂದ 30 ಕಿ.ಮೀ. ಹತ್ತಿರ. ಬಸ್ ನಿಲ್ದಾಣದಿಂದ ಗ್ವಯಾಕಿಲ್ ಕಡೆಗೆ ಕಾಹಾಸ್ ಮೂಲಕ ಹೋಗುವ ಬಸ್ ಹತ್ತಿ. "ಲಗೂನಾ ತೊರೆಯಾದೊರಾ" ಎಂದು ಹೇಳಿದರೆ ಮುಕ್ಕಾಲು ಗಂಟೆಯಲ್ಲಿ ಸರೋವರದ ಹತ್ತಿರ ಇಳಿಸುತ್ತಾರೆ. ಬೆಳಿಗ್ಗೆ ಬೇಗ ಹೋಗಿ. ಮಧ್ಯಾಹ್ನ ಮಂಜು ಇಳಿದರೆ ಹತ್ತಡಿ ಮುಂದಿನದೂ ಕಾಣುವುದಿಲ್ಲ. ಕಚೇರಿಯಲ್ಲಿ ಹೆಸರು ಬರೆಸಿ, ನಕ್ಷೆ ನೋಡಿಕೊಂಡು, ಮೊದಲ ಸಲದವರು 1ನೇ ಹಾದಿಯನ್ನೇ ಹಿಡಿಯಿರಿ. ಸರೋವರದ ದಂಡೆಯಲ್ಲಿ ಸಾಗುವ ಹಾದಿ ಅದು. ಒಬ್ಬರೇ ಹೋಗಬೇಡಿ. ಹಾದಿ ಬಿಟ್ಟು ಹುಲ್ಲಿನೊಳಗೆ ಇಳಿಯಬೇಡಿ.

ಹಾದಿಯಲ್ಲಿ ಪಾಲಿಲೆಪಿಸ್ ಮರಗಳ ತೋಪು ಸಿಗುತ್ತದೆ. ಜಗತ್ತಿನಲ್ಲಿ ಅತಿ ಎತ್ತರದಲ್ಲಿ ಬೆಳೆಯುವ ಮರಗಳಲ್ಲಿ ಇವೂ ಸೇರಿವೆ. ಕೆಂಪು ತೊಗಟೆ ಪದರ ಪದರವಾಗಿ ಕಾಗದದಂತೆ ಸುಲಿದುಬರುತ್ತಿರುತ್ತದೆ, ಕೊಂಬೆಗಳು ತಿರುಚಿಕೊಂಡಿರುತ್ತವೆ, ನೆಲವೆಲ್ಲ ಪಾಚಿ. ದಯವಿಟ್ಟು ತೊಗಟೆ ಕಿತ್ತು ತರಬೇಡಿ. ಚಳಿಯಿಂದ ಮರವನ್ನು ಕಾಪಾಡುವುದು ಅದೇ.

ಈ ಬೆಟ್ಟಗಳ ಹುಲ್ಲುಗಾವಲಿಗೆ ಪಾರಮೊ ಎನ್ನುತ್ತಾರೆ. ಇಲ್ಲಿಯ ಹುಲ್ಲು, ಪಾಚಿ, ಕಪ್ಪು ಮಣ್ಣು ಮಳೆ ಮಂಜನ್ನು ಹೀರಿಕೊಂಡು ನಿಧಾನವಾಗಿ ಬಿಡುತ್ತವೆ. ನೂರಾರು ಕೆರೆ, ಸರೋವರಗಳು ಅದರಿಂದ ತುಂಬುತ್ತವೆ. ಊರಿನ ನಲ್ಲಿ ನೀರಿನ ದೊಡ್ಡ ಪಾಲು ಇಂಥ ಬೆಟ್ಟಗಳದ್ದೇ. 2021ರ ಫೆಬ್ರವರಿಯಲ್ಲಿ ಕ್ವೆಂಕಾದ ಜನ ತಮ್ಮ ನದಿಗಳ ಮೂಲದ ಪ್ರದೇಶದಲ್ಲಿ ದೊಡ್ಡ ಗಣಿಗಾರಿಕೆ ಬೇಡವೆಂದು ಮತ ಹಾಕಿದರು. ಬೇಡ ಎಂದವರು ಸುಮಾರು ನೂರಕ್ಕೆ ಎಂಬತ್ತು ಮಂದಿ. ಈ ನೆಲದ ಮೇಲೆ ನಡೆದವರಿಗೆ ಆ ಮತದ ಅರ್ಥ ಚೆನ್ನಾಗಿ ತಿಳಿಯುತ್ತದೆ. ನನ್ನ ಮಟ್ಟಿಗೆ ಇಡೀ ಪ್ರವಾಸದಲ್ಲಿ ಬಿಡಲೇಬಾರದ ದಿನ ಇದು.

ಮೈಮೇಲೆ ಬೇಕಾದದ್ದು: ಒಳಗೆ ಬೆಚ್ಚನೆಯ ಬಟ್ಟೆ, ಹೊರಗೆ ಮಳೆ ತಡೆಯುವ ಜಾಕೆಟ್, ನೀರು ಹೋಗದ ಶೂ, ಟೋಪಿ, ಕೈಗವಸು. ಮೋಡ ಇದ್ದರೂ ಸನ್‌ಸ್ಕ್ರೀನ್ ಹಚ್ಚಿ. ಈ ಎತ್ತರದ ಬಿಸಿಲು ಗೊತ್ತಾಗದಂತೆ ಸುಡುತ್ತದೆ. ನಡೆಯುವಾಗ ತಲೆ ತಿರುಗಿದರೆ, ವಾಂತಿ ಬಂದರೆ ಮುಂದೆ ಹೋಗಬೇಡಿ. ತಿರುಗಿ ಬಂದು ಊರಿಗಿಳಿಯುವ ಬಸ್ ಹಿಡಿಯಿರಿ. ಇಳಿಯುವುದೇ ಇದಕ್ಕೆ ಮದ್ದು.

ಸಂಜೆ ಕಾಲು ನೋಯುತ್ತಿದ್ದರೆ ಊರ ಹೊರಗಿನ ಬಾನ್ಯೊಸ್‌ನಲ್ಲಿ ಬಿಸಿನೀರಿನ ಬುಗ್ಗೆಗಳಿವೆ.

9. ನಾಲ್ಕನೇ ದಿನ: ಕೈಕೆಲಸದ ಊರುಗಳು

ಪೂರ್ವಕ್ಕೆ ಒಂದು ಗಂಟೆ ದೂರದಲ್ಲಿ ಗ್ವಲಸೆಯೊ. ಭಾನುವಾರ ಅಲ್ಲಿ ಸಂತೆ. ಹತ್ತಿರದ ಬುಲ್ಕಾಯ್‌ನಲ್ಲಿ ಮಕಾನಾ ಶಾಲು ನೇಯುತ್ತಾರೆ. ನೂಲನ್ನು ಅಲ್ಲಲ್ಲಿ ಬಿಗಿಯಾಗಿ ಕಟ್ಟಿ, ಬಣ್ಣದಲ್ಲಿ ಅದ್ದಿ, ಆಮೇಲೆ ನೇಯುವ ಇಕತ್ ಕೆಲಸ. ಸೊಂಟಕ್ಕೆ ಪಟ್ಟಿ ಕಟ್ಟಿಕೊಂಡು ಮೈ ಹಿಂದಕ್ಕೆ ಎಳೆದು ಮಗ್ಗ ಬಿಗಿ ಹಿಡಿಯುತ್ತಾರೆ. ಒಂದು ಶಾಲಿನ ಬೆಲೆ ಯಾಕೆ ಅಷ್ಟು ಎಂದು ಅದನ್ನು ನೋಡಿದ ಮೇಲೆ ಯಾರೂ ಕೇಳುವುದಿಲ್ಲ. ಮುಂದೆ ಚೊರ್ದೆಲೆಗ್, ಬೆಳ್ಳಿಯ ಎಳೆಕೆಲಸದ ಊರು. ಉದ್ದನೆಯ ಕಿವಿಯೋಲೆಗಳು ಪ್ರಸಿದ್ಧ.

ಇಂಕಾ ಕಟ್ಟಡ ನೋಡುವ ಆಸೆ ಜಾಸ್ತಿ ಇದ್ದರೆ ಈ ದಿನವನ್ನು ಇಂಗಾಪಿರ್ಕಾಗೆ ಕೊಡಿ. ಹೋಗಲು ಎರಡು ಗಂಟೆ. ಅಂಡಾಕಾರದ ಸೂರ್ಯ ದೇವಾಲಯ ಅಲ್ಲಿಯ ಮುಖ್ಯ ಕಟ್ಟಡ. ಎರಡನ್ನೂ ಒಂದೇ ದಿನ ತುರುಕಬೇಡಿ.

10. ದುಡ್ಡು, ಜಾಗ್ರತೆ

2000ದಿಂದ ಈಕ್ವೆಡಾರಿನಲ್ಲಿ ಅಮೆರಿಕನ್ ಡಾಲರೇ ಚಲಾವಣೆ. 1, 5, 10ರ ನೋಟುಗಳನ್ನು ಒಯ್ಯಿರಿ. 50, 100ರ ನೋಟನ್ನು ಸಣ್ಣ ಅಂಗಡಿಗಳು ಮುಟ್ಟುವುದಿಲ್ಲ. ದೇಶದಲ್ಲಿ 2024ರಿಂದ ಗ್ಯಾಂಗುಗಳ ವಿರುದ್ಧ ಸೇನೆ ಇಳಿದಿದೆ, ಆಗಾಗ ತುರ್ತು ಪರಿಸ್ಥಿತಿ ಘೋಷಣೆಯಾಗುತ್ತದೆ. ಕರಾವಳಿಗೆ ಹೋಲಿಸಿದರೆ ಕ್ವೆಂಕಾ ಶಾಂತ. ಹಾಗಂತ ರಾತ್ರಿ ಹೊತ್ತಾದ ಮೇಲೆ ನದಿ ದಂಡೆಯಲ್ಲಿ ಒಬ್ಬರೇ ಅಲೆಯಬೇಡಿ, ಫೋನ್ ಕೈಯಲ್ಲಿ ಹಿಡಿದು ನಡೆಯಬೇಡಿ. ಹೊರಡುವ ವಾರ ಭಾರತ ಸರ್ಕಾರದ ಪ್ರಯಾಣ ಸೂಚನೆ ಒಮ್ಮೆ ಓದಿ.

11. ಟೋಪಿ ಕೊಂಡು ಹೊರಡುವುದು

ಪನಾಮಾ ಟೋಪಿ ಎಂದು ಜಗತ್ತು ಕೊಳ್ಳುವ ಟೋಪಿ ಈಕ್ವೆಡಾರಿನದು. ಪಾಹಾ ತೊಕಿಯಾ ಎಂಬ ಕರಾವಳಿ ಗಿಡದ ಎಳೆ ಗರಿಯಿಂದ ಮಾಡುತ್ತಾರೆ. ಎಳೆ ಸೀಳಿ, ಕುದಿಸಿ, ಒಣಗಿಸಿದ್ದು ಬೆಟ್ಟದ ಹಳ್ಳಿಗಳಿಗೆ ಬರುತ್ತದೆ, ಇಲ್ಲಿ ಹೆಂಗಸರು ನಡೆಯುತ್ತಾ, ಮಾತಾಡುತ್ತಾ ಹೆಣೆಯುತ್ತಾರೆ. ಈ ಹೆಣಿಗೆಯನ್ನು 2012ರಲ್ಲಿ ಯುನೆಸ್ಕೊ ತನ್ನ ಪರಂಪರೆ ಪಟ್ಟಿಗೆ ಸೇರಿಸಿದೆ. ಕಾಯೆ ಲಾರ್ಗಾದಲ್ಲಿರುವ ಟೋಪಿ ಮ್ಯೂಸಿಯಂನಲ್ಲಿ ಹಳೇ ಅಚ್ಚುಗಳನ್ನೂ ಕೆಲಸವನ್ನೂ ನೋಡಬಹುದು, ಅಲ್ಲೇ ಕೊಳ್ಳಲೂಬಹುದು.

ಕೊಳ್ಳುವಾಗ ಟೋಪಿಯನ್ನು ಬೆಳಕಿಗೆ ಹಿಡಿದು ಒಳಗಿನಿಂದ ನೋಡಿ. ಎಳೆ ಸಣ್ಣದಾಗಿ, ಸಾಲು ಒಂದೇ ಸಮನಾಗಿ, ನಡುವೆ ಕಿಂಡಿ ಇಲ್ಲದೆ ಇದ್ದರೆ ಒಳ್ಳೆಯದು. ಅಂಚು ಕತ್ತರಿಸಿ ಹೊಲಿದಿದೆಯೋ, ಎಳೆಯನ್ನೇ ಒಳಕ್ಕೆ ಹೆಣೆದು ಮುಗಿಸಿದೆಯೋ ನೋಡಿ. ಎರಡನೆಯದರ ಬೆಲೆ ಜಾಸ್ತಿ, ಬಾಳಿಕೆಯೂ ಜಾಸ್ತಿ. ಹಾಕಿಕೊಳ್ಳುವಾಗ ಮುಂದಿನ ಮಡಿಕೆಯನ್ನು ಚಿವುಟಿ ಹಿಡಿಯಬೇಡಿ. ಎಳೆ ಮುರಿಯುವುದು ಅಲ್ಲೇ. ಅಂಚು ಹಿಡಿದು ತೆಗೆಯಿರಿ. ಸೂಟ್‌ಕೇಸಿಗೆ ಹಾಕದೆ ತಲೆ ಮೇಲೆಯೇ ಇಟ್ಟುಕೊಂಡು ವಿಮಾನ ಹತ್ತಿ.

ವಿಮಾನದಲ್ಲಿ ಹೊರಡುವವರಿಗೆ ಇನ್ನೊಂದು ಮಾತು. ಕ್ವೆಂಕಾದ ವಿಮಾನ ನಿಲ್ದಾಣ ಊರಿಗೆ ತೀರಾ ಹತ್ತಿರ, ಹತ್ತು ಹದಿನೈದು ನಿಮಿಷ ಸಾಕು. ಆದರೆ ಮೋಡ, ಮಳೆ ಬಂದರೆ ವಿಮಾನಗಳು ತಡವಾಗುತ್ತವೆ, ಕೆಲವೊಮ್ಮೆ ರದ್ದೂ ಆಗುತ್ತವೆ. ದೂರದ ಅಂತರರಾಷ್ಟ್ರೀಯ ವಿಮಾನ ಅದೇ ದಿನಕ್ಕೆ ಇಟ್ಟುಕೊಳ್ಳದೆ, ಹಿಂದಿನ ದಿನವೇ ಕೀಟೊ ಅಥವಾ ಗ್ವಯಾಕಿಲ್ ತಲುಪಿ ವಿಮಾನ ನಿಲ್ದಾಣದ ಹತ್ತಿರವೇ ರಾತ್ರಿ ಉಳಿಯಿರಿ.